ರೂತಜ್ಜಿಯ ಎಣಿಕೆ

ಗೋಂಜಾಳ ಬೇಯುವ ವಾಸನೆ ನನ್ನನ್ನು ಮ್ಯೂಸಿಯಂನ ಬಾಗಿಲಲ್ಲೇ ಹಿಡಿದು ನಿಲ್ಲಿಸಿತು. ನಮ್ಮವ್ವ ಧಾರವಾಡದವಳು, ಮೆಕ್ಕೆಜೋಳಕ್ಕೆ ಗೋಂಜಾಳ ಎಂದೇ ಅನ್ನುತ್ತಿದ್ದಳು. ನನ್ನ ಬಾಯಲ್ಲೂ ಅದೇ ಉಳಿದಿದೆ. ಡಲ್ಲಾಸಿನ ಹತ್ತಿರದ ಸಣ್ಣ ಊರೊಂದರ ಮ್ಯೂಸಿಯಂ ಅದು. ಹಿಂದೆ ಇಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಮನೆಗಳಿಂದ ಒಯ್ದು, ಕೂದಲು ಕತ್ತರಿಸಿ, ತಾಯಿಮಾತು ಬಿಡಿಸಿ ಬೆಳೆಸಿದ ವಸತಿ ಶಾಲೆಗಳ ಬಗ್ಗೆ ಪ್ರದರ್ಶನ ಇಟ್ಟಿದ್ದರು. ಅದಕ್ಕೆಂದೇ ಆಸ್ಟಿನ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೆ, ದಾರಿಯುದ್ದಕ್ಕೂ ಟ್ರಾಫಿಕ್ಕಿಗೆ ಬೈದುಕೊಳ್ಳುತ್ತ. ಒಳಗೆ ಮೇಜಿನ ಮೇಲೆ ಅವರ ಸಮುದಾಯದ ಹೆಂಗಸರು ಬಂದವರಿಗೆಂದು ದೊಡ್ಡ ಪಾತ್ರೆಯಲ್ಲಿ ಗೋಂಜಾಳದ ಗಂಜಿ ಇಟ್ಟಿದ್ದರು. ಅದರ ಹಬೆ ಮೂಗಿಗೆ ಬಡಿದದ್ದೇ ತಡ, ನಲವತ್ತೇಳರ ಹೆಂಗಸು ನಾನು ಏಳು ವರ್ಷದವಳಾಗಿ ಡಲ್ಲಾಸಿನ ಪಕ್ಕದ ಕ್ಯಾರಲ್ಟನ್‌ನ ಒಂದು ಅಡುಗೆಮನೆಯಲ್ಲಿ ಕಾಲಾಡಿಸುತ್ತ ಕೂತುಬಿಟ್ಟಿದ್ದೆ.

ಆ ಅಡುಗೆಮನೆ ನಮ್ಮದಲ್ಲ, ಪಕ್ಕದ ಮನೆಯ ರೂತಜ್ಜಿಯದು. ಅವ್ವ ಆಸ್ಪತ್ರೆಯ ಲ್ಯಾಬಿನಲ್ಲಿ, ಅಪ್ಪ ಆಫೀಸಿನಲ್ಲಿ. ಶಾಲೆ ಬಿಟ್ಟ ಮೇಲೆ ಅವ್ವ ಬರುವವರೆಗೂ ನನ್ನನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಚಾಕ್ಟಾ ಎಂಬ ಮೂಲನಿವಾಸಿ ಜನಾಂಗದವರು. ಒಕ್ಲಹೋಮಾದಲ್ಲಿ ಹುಟ್ಟಿ, ಗಂಡನ ಕೆಲಸಕ್ಕೆಂದು ಡಲ್ಲಾಸ್ ಕಡೆ ಬಂದು, ಗಂಡ ಹೋದ ಮೇಲೂ ಮಗಳೊಂದಿಗೆ ಇಲ್ಲೇ ಉಳಿದವರು. ಮರದ ಪುಟ್ಟ ಮನೆ. ಜಾಲರಿ ಬಾಗಿಲು ಎಳೆದರೆ ಕಿರ್ರೆನ್ನುತ್ತಿತ್ತು. ಒಳಗೆ ಬಟ್ಟೆ ಸಾಬೂನು, ಹಳೆಯ ಕಾಫಿ, ಬೆಂದ ಕಾಳು ಎಲ್ಲ ಸೇರಿದ ಬೆಚ್ಚನೆಯ ವಾಸನೆ. ಅಜ್ಜಿ ಗಂಡಸರ ಬೂಟು ಹಾಕಿಕೊಂಡು ಮನೆ ತುಂಬ ಓಡಾಡುತ್ತಿದ್ದರು. ಟಿವಿಯಲ್ಲಿ ಕುಸ್ತಿ ಬಂತೆಂದರೆ ಸೌಟು ಹಿಡಿದೇ ಎದ್ದು ನಿಂತು, ಬಿದ್ದವನಿಗೆ ಏಳೋ ಏಳೋ ಎಂದು ಕೂಗುತ್ತಿದ್ದರು. ನಾವು ಮಾಂಸ ತಿನ್ನುವವರಲ್ಲ ಎಂದು ಅವ್ವ ಒಂದೇ ಒಂದು ಸಲ ಹೇಳಿದ್ದಳು. ಅಂದಿನಿಂದ ನನ್ನ ಗೋಂಜಾಳದ ಗಂಜಿಗೆ ಬೇರೆ ಪಾತ್ರೆ, ಬೇರೆ ಸೌಟು. ಮಾಂಸ ಹಾಕಿದ ದೊಡ್ಡ ಪಾತ್ರೆಯ ಸೌಟು ತಪ್ಪಿ ಅದಕ್ಕೆ ತಾಗಿದರೆ ಅಷ್ಟನ್ನೂ ಚೆಲ್ಲಿ ಮತ್ತೆ ಬೇಯಲು ಇಡುತ್ತಿದ್ದರು. ದೇವರಾಣೆಗೂ ಹೇಳುತ್ತೇನೆ, ನಮ್ಮ ಬಂಧುಬಳಗದಲ್ಲೂ ಅಷ್ಟು ಕಾಳಜಿ ಮಾಡಿದವರನ್ನು ನಾನು ಕಂಡಿಲ್ಲ.

ಹಿತ್ತಲಲ್ಲಿ ಅಕ್ರೋಟಿನಂಥ ಕಾಯಿ ಬಿಡುವ ಒಂದು ಪೆಕಾನ್ ಮರವಿತ್ತು. ಚಳಿ ಶುರುವಾಗುವ ಹೊತ್ತಿಗೆ ಕಾಯಿ ಉದುರುತ್ತಿದ್ದವು. ನಾವಿಬ್ಬರೂ ಎಲೆ ಸರಿಸಿ ಸರಿಸಿ ಆರಿಸುತ್ತಿದ್ದೆವು. ಬೆರಳೆಲ್ಲ ಕಪ್ಪು, ಒಗರು ವಾಸನೆ. ಅಜ್ಜಿ ಒಂದೊಂದೇ ಕಾಯಿಯನ್ನು ಬುಟ್ಟಿಗೆ ಹಾಕುತ್ತ ತಮ್ಮ ಚಾಕ್ಟಾ ಮಾತಿನಲ್ಲಿ ಎಣಿಸುತ್ತಿದ್ದರು, ಹತ್ತಾದರೆ ಮತ್ತೆ ಒಂದರಿಂದ. ಅವರ ಹಿಂದೆಯೇ ನಾನು ಹೇಳಬೇಕು. ಆಮೇಲೆ ನನ್ನ ಸರದಿ, ಒಂದು, ಎರಡು, ಮೂರು. ನನ್ನ ಹಿಂದೆ ಅವರು. ‘ಏಳು’ ಅನ್ನುವಾಗ ಅವರ ನಾಲಿಗೆ ತೊಡರಿ ಇಬ್ಬರಿಗೂ ನಗು ಬರುತ್ತಿತ್ತು. ಆದರೆ ಅವರ ಮಗಳು ಲೊರೇನ್ ಆಂಟಿ ಕೆಲಸ ಮುಗಿಸಿ ಬಂದು ಕಾರು ನಿಲ್ಲಿಸಿದ ಸದ್ದು ಕೇಳಿದರೆ ಸಾಕು, ಅಜ್ಜಿ ನಡುವೆಯೇ ಎಣಿಕೆ ನಿಲ್ಲಿಸಿ ಇಂಗ್ಲಿಷಿಗೆ ತಿರುಗುತ್ತಿದ್ದರು. ನನಗೋ ಅದೊಂದು ಗುಟ್ಟಿನ ಆಟ. ಗುಟ್ಟು ಕಾಯುವುದರಲ್ಲಿ ನಾನು ಮಹಾ ಗಟ್ಟಿ, ಅವ್ವನಿಗೆ ಬಿಟ್ಟು ಇನ್ಯಾರಿಗೂ ಬಾಯಿ ಬಿಡಲಿಲ್ಲ.

ಸಂಜೆ ಅವ್ವ ಬಂದು, “ಏನ ತಿಂದಿ ಸುಮಿ ಇವತ್ತ?” ಎಂದು ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರ ಎಸೆಯುತ್ತಿದ್ದೆ. ಒಂದು ದಿನ ಅಜ್ಜಿ ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಂತರು. “ನಿಮ್ಮಮ್ಮ ತನ್ನ ಮಾತಲ್ಲಿ ಕೇಳಿದಳು. ಆ ಮಾತಲ್ಲೇ ಹೇಳು. ಹೇಳೋವರೆಗೂ ಮನೆಗೆ ಬಿಡಲ್ಲ.” ನಾನು ಮುಖ ಊದಿಸಿಕೊಂಡು, ನೆಲ ನೋಡುತ್ತ, ಗೋಂಜಾಳ ತಿಂದೆ ಎಂದೆ. ಅವ್ವನಿಗೆ ನಗು ತಡೆಯಲಿಲ್ಲ. “ಅವರ ಮಾತಂದ್ರ ಕೇಳ್ತಿ, ನಾ ಹೇಳಿದ್ರ ಕೇಳಂಗಿಲ್ಲ, ಹೌದಲ್ಲೇನ?” ಆಮೇಲೆ ಇದು ದಿನದ ಕಟ್ಟಳೆಯೇ ಆಯಿತು. ಇವತ್ತು ಈ ನಾಲ್ಕು ಸಾಲು ಕನ್ನಡ ಬರೆಯುತ್ತಿದ್ದೇನಲ್ಲ, ಅದರ ಅರ್ಧ ಪುಣ್ಯ ಆ ಚಾಕ್ಟಾ ಅಜ್ಜಿಗೆ ಸೇರಬೇಕು.

ನನಗೆ ಹನ್ನೆರಡಾದಾಗ ನಾವು ಹ್ಯೂಸ್ಟನ್ ಹತ್ತಿರದ ಮಿಸೌರಿ ಸಿಟಿಗೆ ಶಿಫ್ಟ್ ಆದೆವು. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಈಗ ಅವರ ಮನೆಯೂ ಇಲ್ಲ, ಮರವೂ ಇಲ್ಲ. ಅಲ್ಲಿ ನಮ್ಮವರದೇ ದಿನಸಿ ಅಂಗಡಿಯ ಪಾರ್ಕಿಂಗ್ ಇದೆ. ಒಮ್ಮೆ ಅಲ್ಲಿ ತೊಗರಿಬೇಳೆ ಕೊಂಡು ಹೊರಬಂದಾಗಲೇ ಕಾರು ನಿಲ್ಲಿಸಿದ್ದು ಅಜ್ಜಿಯ ಹಿತ್ತಲಿದ್ದ ಜಾಗದಲ್ಲಿ ಎಂದು ಹೊಳೆಯಿತು. ಅಜ್ಜಿ ಹೋದ ಸುದ್ದಿ ಬಂದ ದಿನ ಅವ್ವ ಒಂದು ಮಾತು ಹೇಳಿದ್ದಳು. “ನಮ್ಮ ಸುಮಿಗೆ ನಿಮ್ಮ ಮಾತ ಕಲಸಾಕತ್ತೀರಿ, ನಿಮ್ಮ ಮಗಳಿಗ್ಯಾಕ ಕಲಸಲಿಲ್ಲ ಅಂತ ಒಮ್ಮೆ ಕೇಳೇ ಬಿಟ್ಟಿದ್ದೆ.” ಅದಕ್ಕೆ ಅಜ್ಜಿ ಅಂದಿದ್ದರಂತೆ: ಶಾಲೆಯಲ್ಲಿ ಆ ಮಾತು ಆಡಿದ್ದಕ್ಕೆ ನನಗೆ ಏಟು ಬಿದ್ದಿದೆ, ಮಗಳಿಗೂ ಬಿದ್ದರೆ ಎಂದು ಹೆದರಿ ಸುಮ್ಮನಿದ್ದೆ, ನಿಮ್ಮ ಹುಡುಗಿಯನ್ನು ಇದಕ್ಕಾಗಿ ಯಾರೂ ಹೊಡೆಯುವುದಿಲ್ಲ. ಅವ್ವನೂ ಈಗಿಲ್ಲ. ಈ ಮಾತು ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೆ.

ಮ್ಯೂಸಿಯಂನಲ್ಲಿ ಬಂದವರಿಗೆ ಫೋಟೋಗಳನ್ನು ವಿವರಿಸುತ್ತಿದ್ದ ಬಿಳಿಕೂದಲ ಹೆಂಗಸೊಬ್ಬರು ನನ್ನ ಎದೆಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನೂ ಮುಖವನ್ನೂ ದಿಟ್ಟಿಸಿ ನೋಡಿ, “ಪಕ್ಕದ ಮನೆ ಸುಮಿ!” ಎಂದು ತಬ್ಬಿಕೊಂಡರು. ಲೊರೇನ್ ಆಂಟಿ! ಎಪ್ಪತ್ತೈದು ದಾಟಿದ್ದರೂ ಅದೇ ಗಟ್ಟಿ ದನಿ. ಕೈಹಿಡಿದು ಒಂದು ಫೋಟೋದ ಎದುರು ನಿಲ್ಲಿಸಿದರು. ಒಂದೇ ಸಾಲಿನಲ್ಲಿ ಹುಡುಗಿಯರು, ಎಲ್ಲರಿಗೂ ಒಂದೇ ಬಗೆಯ ಬಿಳಿ ಏಪ್ರನ್, ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು. ಬಲತುದಿಯ ಕಡೆಗಿದ್ದ ಒಬ್ಬಳನ್ನು ತೋರಿಸಿ, “ಇವಳೇ ಅಮ್ಮ” ಎಂದರು. ಆ ಮೊಂಡು ಗದ್ದ ನೋಡಿದೊಡನೆ ನನಗೂ ಗುರುತು ಸಿಕ್ಕಿತು.

“ಅಮ್ಮನಿಗೆ ಚಾಕ್ಟಾ ಪೂರ್ತಿ ಮರೆತುಹೋಗಿತ್ತು ಸುಮಿ. ಕೇಳಿದಾಗಲೆಲ್ಲ ಹಾಗೇ ಅಂತಿದ್ದಳು. ಈಗ ಕ್ಲಾಸುಗಳೇನೋ ಇವೆ. ಅಮ್ಮನ ಬಾಯಲ್ಲಿ ಒಂದು ಸಲವೂ ಕೇಳದ ಮಾತನ್ನ ಯಾರ ಹತ್ತಿರ ಹೋಗಿ ಕಲೀಲಿ? ಮನಸ್ಸೇ ಬರಲ್ಲ.”

ಎಣಿಕೆಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಿದರೆ, ತೀರಿಹೋದ ತಾಯಿಯನ್ನು ಮಗಳ ಎದುರು ಸುಳ್ಳುಗಾತಿ ಮಾಡಿದಂತೆ. ಹೇಳದಿದ್ದರೆ, ಅವರ ಮನೆಯ ಸೊತ್ತನ್ನು ನಾನು ಸದ್ದಿಲ್ಲದೆ ಇಟ್ಟುಕೊಂಡಂತೆ. ಕೊನೆಗೆ, “ಮರೆತಿರಲಿಲ್ಲ ಆಂಟಿ, ಹತ್ತರವರೆಗೆ ಎಣಿಸೋದನ್ನ ನನಗೆ ಕಲಿಸಿದ್ದರು” ಎಂದೆ.

ಅವರ ಮುಖ ಕೆಂಪಾಯಿತು. “ನಿನಗೆ? ಪಕ್ಕದ ಮನೆ ಹುಡುಗಿಗೆ?”

ಅವ್ವನಿಗೆ ಅಜ್ಜಿ ಹೇಳಿದ್ದನ್ನು ಇದ್ದದ್ದು ಇದ್ದಹಾಗೆ ಒಪ್ಪಿಸಿದೆ. ಆಂಟಿ ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. ಅವರಿಗೆ ನೋವು ಕೊಟ್ಟೆನಲ್ಲ ಎಂದು ನನಗೆ ಅಳುವೇ ಬಂತು. ಆಮೇಲೆ ಕನ್ನಡಕ ಹಾಕಿಕೊಂಡು ಎದ್ದು ಮತ್ತೆ ಫೋಟೋದ ಎದುರು ನಿಂತರು. “ಹೇಳು. ಅಮ್ಮ ಹೇಳ್ತಿದ್ದ ಹಾಗೇ ಹೇಳು.”

ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ನನ್ನವಲ್ಲ. ನಾನು ಒಂದು ಹೇಳಿದೆ, ಅವರು ಹೇಳಿದರು. ಅಜ್ಜಿಯ ರಾಗ, ಅಜ್ಜಿ ಉಸಿರೆಳೆದುಕೊಳ್ಳುತ್ತಿದ್ದ ಜಾಗ, ಎಲ್ಲ ನನ್ನ ನಾಲಿಗೆಗೆ ತಾನಾಗಿ ಬಂದವು. ಪ್ರತಿ ಎಣಿಕೆಗೂ ಆಂಟಿಯ ಬೆರಳು ಎಡದಿಂದ ಒಬ್ಬೊಬ್ಬ ಹುಡುಗಿಯ ಮೇಲೆ ಸರಿಯುತ್ತ ಹೋಯಿತು. ಹತ್ತನೆಯವಳ ಮೇಲೆ ಬಂದು ನಿಂತಿತು.

“ಮುಂದೆ?” ಎಂದರು.

“ನನಗೆ ಬರೋದು ಅಷ್ಟೇ ಆಂಟಿ.”

ರೂತಜ್ಜಿ ಇನ್ನೂ ಮೂವರು ಹುಡುಗಿಯರ ಆಚೆ ನಿಂತಿದ್ದರು.