ಇಪ್ಪತ್ಮೂರು ಗಂಟು, ಹನ್ನೊಂದು ಮಕ್ಕಳು

ಬೆಳಗಿನ ಐದೂವರೆ. ಕಲ್ಲುಕ್ವಾರಿಯ ಕೂಲಿಕಾರರ ಲೈನ್ ಮನೆಗಳ ಮುಂದೆ ಇನ್ನೂ ಮಬ್ಬುಗತ್ತಲೆ. ಮೊದಲ ತಗಡಿನ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಮೂರು ಸಲ ಬಡಿದು ಆಯಮ್ಮ ಕಾಯುತ್ತಾರೆ. ಒಳಗಿಂದ ಮೊದಲು ಕೆಮ್ಮು, ಆಮೇಲೆ ಪಾತ್ರೆಯ ಸದ್ದು, ಆಮೇಲೆ ಹೆಂಗಸೊಬ್ಬಳ ದನಿ: "ಇವತ್ತು ಬೇಡ ಆಯಮ್ಮ, ರಾತ್ರಿಯಿಂದ ಮೈ ಬಿಸಿ ಇದೆ ಅವನಿಗೆ."

"ಬಾಗಿಲು ತೆಗಿ, ನಾನೇ ಮುಟ್ಟಿ ನೋಡ್ತೀನಿ."

ಹುಡುಗ ಗೋಣಿಚೀಲದ ಮೇಲೆ ಮುದುರಿಕೊಂಡಿದ್ದಾನೆ. ಆಯಮ್ಮ ಹಣೆ ಮುಟ್ಟುತ್ತಾರೆ, ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡುತ್ತಾರೆ. "ತಣ್ಣಗೆ ಹಿತ್ತಾಳೆ ಚೊಂಬಿನ ಹಂಗಿದಾನಲ್ಲೇ! ಜಲ್ಲಿ ಬುಟ್ಟಿ ಹೊರೋಕೆ ಕರ್ಕೊಂಡು ಹೋಗ್ತೀವಿ ಅಂತ ನೇರ ಹೇಳು. ಮಗುವಿಗೆ ಯಾಕೆ ಜ್ವರ ಬರಿಸ್ತೀಯಾ?"

ಹುಡುಗ ತಾನೇ ಎದ್ದು ಅಂಗಿ ಹುಡುಕತೊಡಗುತ್ತಾನೆ. ಆಯಮ್ಮ ಮುಂದಿನ ಬಾಗಿಲಿಗೆ ನಡೆಯುತ್ತಾರೆ.

ಶಾಲೆ ಶುರುವಾಗುವುದು ಒಂಬತ್ತಕ್ಕೆ. ಐದೂವರೆಗೇ ಬಾಗಿಲು ಬಡಿಯಲು ಕಾರಣವಿದೆ. ಆರು ಗಂಟೆಗೆ ಅಪ್ಪ ಅಮ್ಮ ಇಬ್ಬರೂ ಕ್ವಾರಿಗೆ ಇಳಿಯುತ್ತಾರೆ. ಅವರು ಹೊರಟ ಮೇಲೆ ಮಕ್ಕಳು ಒಂದೋ ಮತ್ತೆ ಮುಸುಕೆಳೆಯುತ್ತವೆ, ಇಲ್ಲವೋ ಅವರ ಹಿಂದೆಯೇ ಹೋಗಿ ಸಂಜೆ ಬಿಳಿ ಧೂಳಿನ ಗೊಂಬೆಗಳಾಗಿ ಬರುತ್ತವೆ. ಅವರು ಹೊರಡುವ ಮುಂಚಿನ ಈ ಅರ್ಧ ಗಂಟೆಯಲ್ಲೇ ಮಕ್ಕಳನ್ನು ಹಿಡಿಯಬೇಕು. "ಮೀನು ಹಿಡಿಯೋರಿಗೂ ಇಷ್ಟು ಅವಸರ ಇರಲ್ಲ," ಎಂದು ಆಯಮ್ಮ ನಗುತ್ತಾರೆ.

ಏಳೂಕಾಲಕ್ಕೆ ಕೊನೆಯ ಮನೆಯ ಮುಂದೆ ಹನ್ನೊಂದು ಮಕ್ಕಳು ಮುಖ ತೊಳೆದು ನಿಂತಿರುತ್ತವೆ. ಆಯಮ್ಮ ಹೆಗಲ ಮೇಲಿನ ಹಗ್ಗ ಬಿಚ್ಚುತ್ತಾರೆ. ಲಾರಿಯ ಮೇಲೆ ಸರಕು ಬಿಗಿಯುವ ನೀಲಿ ನೈಲಾನ್ ಹಗ್ಗ; ಅಳತೆ ಹಾಕಿ ಇಪ್ಪತ್ಮೂರು ಗಂಟು ಕಟ್ಟಿದ್ದಾರೆ. ಒಂದೊಂದು ಗಂಟಿಗೆ ಒಂದೊಂದು ಮಗು ಕೈ ಹಾಕಿ ನಡೆಯಬೇಕು, ಬಿಡಕೂಡದು. ಮುಂದೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಯಮ್ಮ. ಶಾಲೆಯವರೆಗಿನ ನಾಲ್ಕು ಕಿಲೋಮೀಟರಿನ ದಾರಿ ಟಿಪ್ಪರ್ ಲಾರಿಗಳದ್ದು. ಹತ್ತು ನಿಮಿಷಕ್ಕೊಂದು ಬರುತ್ತದೆ, ಹೋದಮೇಲೆ ಎರಡು ನಿಮಿಷ ಎದುರಿನ ಮನುಷ್ಯ ಕಾಣುವುದಿಲ್ಲ.

"ಈಗ ಹನ್ನೊಂದೇ ಮಕ್ಕಳು. ಒಬ್ಬೊಬ್ಬರಿಗೆ ಎರಡೆರಡು ಗಂಟು, ಶ್ರೀಮಂತರು ನಮ್ಮೋರು," ಎನ್ನುತ್ತಾರೆ. "ಉಳಿದಿದ್ದೊಂದು ನನ್ದು."

ಐವತ್ತೆಂಟರ ಆಯಮ್ಮನನ್ನು ಲೈನಿನಲ್ಲಿ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಕಲ್ಲು ಒಡೆಯುತ್ತಿದ್ದ ಗಂಡ ಎದೆಯಲ್ಲಿ ಧೂಳು ಕಟ್ಟಿ ತೀರಿಕೊಂಡಾಗ ಅವರಿಗೆ ಮೂವತ್ನಾಲ್ಕು. ಕ್ವಾರಿಯ ಪಕ್ಕದಲ್ಲೇ ಇದ್ದ ಒಂದು ಕೋಣೆಯ ಸರಕಾರಿ ಶಾಲೆಯಲ್ಲಿ ಕಸ ಗುಡಿಸಲು, ನೀರು ತುಂಬಲು ಜನ ಬೇಕಿತ್ತು. ಅಲ್ಲಿಗೆ ಹೋದವರು ಇಪ್ಪತ್ತೆರಡು ವರ್ಷ ಅಲ್ಲೇ ಉಳಿದರು. ಸಂಬಳ ಶಾಲೆಯ ಸಾದಿಲ್ವಾರು ಖರ್ಚಿನಲ್ಲಿ, ಸೀಮೆಸುಣ್ಣ ಮತ್ತು ಪೊರಕೆಯ ಜೊತೆಗೆ.

ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಅವರಿಗೆ ಮನೆ ಎಣಿಸುವ ಕೆಲಸ, ದನ ಎಣಿಸುವ ಕೆಲಸ, ಮತದಾರರ ಪಟ್ಟಿ ತಿದ್ದುವ ಕೆಲಸ. ಅವರಿಲ್ಲದ ದಿನ ಆಯಮ್ಮನೇ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಅವರಿಗೆ ಅಕ್ಷರ ಬರುವುದಿಲ್ಲ. ಬಸ್ಸಿನ ಬೋರ್ಡು ಓದಲಾರರು. ಆದರೆ ಹೊಸ್ತಿಲಾಚೆ ಕೂತು ಕೇಳಿ ಕೇಳಿಯೇ ಹದಿನಾರರವರೆಗಿನ ಮಗ್ಗಿ, ನಲವತ್ತು ಪದ್ಯ ಬಾಯಿಗೆ ಬಂದಿವೆ. "ಹದಿನಾರರ ಮೇಲೆ ಮೇಷ್ಟ್ರಿಗೇ ಬರ್ತಿರಲಿಲ್ಲ, ನಂಗೆಲ್ಲಿ ಬರ್ಬೇಕು?"

ಎರಡು ವರ್ಷದ ಹಿಂದೆ ತಲೆ ಎಣಿಸಲು ಸಾಹೇಬರೊಬ್ಬರು ಬಂದರು. ಇಪ್ಪತ್ತೈದು ಮಕ್ಕಳಿಗಿಂತ ಕಡಿಮೆಯಿದ್ದರೆ ಶಾಲೆ ಮುಚ್ಚಿ ದೊಡ್ಡ ಶಾಲೆಗೆ ಸೇರಿಸಬೇಕೆಂದು ಮೇಲಿನಿಂದ ಆದೇಶ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರಿದ್ದವು. ಆದರೆ ಹಿಂದಿನ ವಾರವಷ್ಟೇ ಆರು ಕುಟುಂಬಗಳು ಕೆಲಸ ಹುಡುಕಿಕೊಂಡು ಬೇರೆ ಕ್ವಾರಿಗೆ ಹೋಗಿದ್ದವು. ಅಂದು ಕೋಣೆಯಲ್ಲಿದ್ದದ್ದು ಇಪ್ಪತ್ಮೂರು.

ಮೇಷ್ಟ್ರು ಆಯಮ್ಮನನ್ನು ಹಿಂದಕ್ಕೆ ಕರೆದು ಪಿಸುಗುಟ್ಟಿದರು: "ಆಯಮ್ಮ, ಓಡಿಹೋಗಿ ಎರಡು ಮಕ್ಕಳನ್ನ ಎತ್ಕೊಂಡು ಬನ್ನಿ. ಯಾವ್ದಾದ್ರೂ ಆಗ್ಲಿ."

ಲೈನಿನಲ್ಲಿ ಆಗ ಇದ್ದದ್ದು ಶಾಲೆಯ ವಯಸ್ಸಾಗದ ಪುಟಾಣಿಗಳು. ಇಬ್ಬರನ್ನು ಎರಡು ಕಂಕುಳಲ್ಲಿ ಎತ್ತಿ ತಂದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಸಾಹೇಬರು ಎಣಿಸುತ್ತ ಬಂದು ಚಿಕ್ಕವನ ಮುಂದೆ ನಿಂತರು. "ಎಷ್ಟನೇ ಕ್ಲಾಸು ಮರಿ?"

"ಒಂದಕ್ಕೆ," ಎಂದಿತು ಮಗು.

ಸಾಹೇಬರು ತಲೆಯಾಡಿಸಿ ಒಂದನೇ ಕ್ಲಾಸೆಂದು ಬರೆಯಲು ಹೊರಟರು. ಅಷ್ಟರಲ್ಲಿ ಮಗು ಕೂತಲ್ಲೇ ಒಂದಕ್ಕೆ ಮಾಡಿಕೊಂಡಿತು. ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಕ್ಕರು, ಸಾಹೇಬರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಒಳ್ಳೆ ಮನುಷ್ಯ ಪಾಪ," ಎನ್ನುತ್ತಾರೆ ಆಯಮ್ಮ. "ಬೈಲಿಲ್ಲ, ಗದರಲಿಲ್ಲ. ನಗ್ತಾ ನಗ್ತಾನೇ ಇಪ್ಪತ್ಮೂರು ಅಂತ ಬರ್ಕೊಂಡು ಹೋದ್ರು."

ಎರಡು ತಿಂಗಳಿಗೆ ಬಾಗಿಲಿಗೆ ಬೀಗ ಬಿತ್ತು. ಮೇಷ್ಟ್ರಿಗೆ ವರ್ಗ. ಮಕ್ಕಳು ನಾಲ್ಕು ಕಿಲೋಮೀಟರಾಚೆಯ ಶಾಲೆಗೆ. ಆಯಮ್ಮನಿಗೆ ಏನು ಎಂದು ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ಕೇಳಲು ಹೋದರೆ, ನಿಮ್ಮ ನೇಮಕದ ಪತ್ರ ತನ್ನಿ ಎಂದರು. "ಸೇರಿಸ್ಕೊಂಡ ಕಾಗದವೇ ಇಲ್ಲ. ಹಂಗಾಗಿ ತೆಗೆದು ಹಾಕೋ ಕಾಗದಾನೂ ಇಲ್ಲ. ಲೆಕ್ಕದ ಪ್ರಕಾರ ನಾನು ಆ ಶಾಲೇಲಿ ಇರಲೇ ಇಲ್ಲ."

ಮೊದಲ ವಾರ ಮಕ್ಕಳು ತಾವೇ ನಡೆದುಹೋದರು. ಐದನೆಯ ದಿನ ಇಳಿಜಾರಿನಲ್ಲಿ ಟಿಪ್ಪರೊಂದರ ಬ್ರೇಕು ಹಿಡಿಯಲಿಲ್ಲ. ಮಕ್ಕಳೆಲ್ಲ ಚರಂಡಿಗೆ ಹಾರಿದವು. ಒಂಬತ್ತು ವರ್ಷದ ಹುಡುಗಿಯೊಬ್ಬಳ ಪಾದದ ಮೇಲೆ ಲಾರಿಯಿಂದ ಕಲ್ಲು ಉರುಳಿತು. ಅವಳು ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಆಯಮ್ಮ ಹಗ್ಗ ಹಿಡಿದು ಲೈನಿಗೆ ಬಂದರು. ಬಾ ಎಂದು ಯಾರೂ ಕರೆದಿರಲಿಲ್ಲ.

ಅಂದಿನಿಂದ ದಿನಕ್ಕೆ ಹದಿನಾರು ಕಿಲೋಮೀಟರು. ಬೆಳಿಗ್ಗೆ ಬಿಟ್ಟು ಒಬ್ಬರೇ ಹಿಂದಿರುಗುವುದು, ಹತ್ತರಿಂದ ಮೂರರವರೆಗೆ ಹೊಟ್ಟೆಪಾಡಿಗೆ ಜಲ್ಲಿ ಒಡೆಯುವುದು, ಮತ್ತೆ ನಡೆದುಹೋಗಿ ಕರೆತರುವುದು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಗೆ ಕೈಯೂ ಧೂಳು, ಬಾಯೂ ಧೂಳು."

ಶಾಲೆ ಮುಚ್ಚಿದ ಆದೇಶದ ಕೊನೆಯ ಸಾಲನ್ನು ಮೇಷ್ಟ್ರು ಹೋಗುವ ಮುನ್ನ ಓದಿ ಹೇಳಿದ್ದರು. ಪದ್ಯ ಕಲಿತಂತೆಯೇ ಆಯಮ್ಮ ಅದನ್ನೂ ಕಲಿತುಕೊಂಡರು. ತಿಂಗಳಿಗೊಮ್ಮೆ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಕಿಟಕಿಯ ಮುಂದೆ ನಿಂತು ಒಪ್ಪಿಸುತ್ತಿದ್ದರು: "ಸದರಿ ಮಕ್ಕಳಿಗೆ ಉಚಿತ ವಾಹನ ಸೌಲಭ್ಯವನ್ನು ಕಲ್ಪಿಸತಕ್ಕದ್ದು." ಒಮ್ಮೆ ಸಾಹೇಬರಿಲ್ಲ, ಒಮ್ಮೆ ಹಣ ಬಂದಿಲ್ಲ, ಒಮ್ಮೆ ಫೈಲು ಮೇಲೆ ಹೋಗಿದೆ. ಹದಿನಾಲ್ಕನೆಯ ಸಲ, ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು: "ಗಾಡಿ ಓಡ್ತಾ ಇದೆಯಲ್ಲಮ್ಮಾ. ಒಂದು ವರ್ಷದಿಂದ. ದಿನಕ್ಕೆ ಎರಡು ಸಲ."

ಆಯಮ್ಮ ಕಿಟಕಿಯ ಸರಳು ಹಿಡಿದು ಒಳಗೆ ಬಗ್ಗಿದರು. ಆಮೇಲೆ ಕೇಳಿದರು: "ಯಾವ ಬಣ್ಣದ್ದು ತಾಯಿ?"

ಹುಡುಗಿ ಪರದೆಯಿಂದ ತಲೆಯೆತ್ತಿ ಅವರ ಕಾಲು ನೋಡಿದಳು. ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿತ್ತು. ಎದ್ದುಬಂದು ಬೆಂಚಿನ ಮೇಲೆ ಕೂರಿಸಿ, ದೂರನ್ನು ಕಾಗದದಲ್ಲಿ ಬರೆದುಕೊಡಿ, ಬಾಯಿಮಾತು ಇಲ್ಲಿ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿ ಕಳಿಸಿದಳು.

"ಕಲ್ಪಿಸತಕ್ಕದ್ದು ಅಂತ ಬರೆದಿದ್ರಲ್ಲ," ಎನ್ನುತ್ತಾರೆ ಆಯಮ್ಮ. "ಕಲ್ಪಿಸ್ಕೊಂಡ್ರು, ಅಷ್ಟೇ."

ಕಾಗದ ಬರೆದದ್ದು ಆರನೇ ಕ್ಲಾಸಿನ ಹುಡುಗಿ, ಕ್ವಾರಿಗೆ ನೀರಿನ ಟ್ಯಾಂಕರ್ ಓಡಿಸುವವನ ಮಗಳು. ಹಗ್ಗದ ತುದಿ ಹಿಡಿದು ಕೊನೆಗೆ ನಡೆಯುತ್ತಿದ್ದವಳು, ಚಿಕ್ಕವರು ಹಿಂದೆ ಬೀಳದಂತೆ ನೋಡಿಕೊಳ್ಳುತ್ತಿದ್ದವಳು. ಮುತ್ತು ಪೋಣಿಸಿದಂಥ ಅಕ್ಷರ. ಆಯಮ್ಮ ಹೇಳಿದ್ದನ್ನೆಲ್ಲ ಬರೆದು, ಕಡೆಗೆ ತಾನೇ ಒಂದು ಸಾಲು ಸೇರಿಸಿದಳು: ನಾವು ಗಾಡಿಯನ್ನು ನೋಡಿಲ್ಲ, ತಾವು ನೋಡಿದ್ದರೆ ತಿಳಿಸಬೇಕು.

ವಿಚಾರಣೆಗೆ ಒಬ್ಬರು ಬಂದರು. ಲೈನಿನವರನ್ನೆಲ್ಲ ಸೇರಿಸಿ, ಗಾಡಿ ಬಂದಿಲ್ಲವೆನ್ನುವವರು ಮುಂದೆ ಬಂದು ಹೆಬ್ಬೆಟ್ಟು ಒತ್ತಿ ಎಂದರು. ಗಾಡಿಯ ಗುತ್ತಿಗೆ ಕ್ವಾರಿ ಮಾಲೀಕನ ಭಾವಮೈದುನನ ಹೆಸರಿನಲ್ಲಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೇ ನೆಲ ನೋಡಿದರು. ಹೆಬ್ಬೆಟ್ಟು ಒತ್ತಿದ್ದು ಆಯಮ್ಮ ಒಬ್ಬರೇ.

ಮಾರನೆಯ ದಿನ ಜಲ್ಲಿ ಗುಡ್ಡೆಯ ಹತ್ತಿರ ಮೇಸ್ತ್ರಿ ಅಡ್ಡ ನಿಂತು, "ನಾಳೆಯಿಂದ ಬರ್ಬೇಡಿ," ಎಂದ. ಈಗ ಅವರು ಗುಡ್ಡದಾಚೆಯ ಇನ್ನೊಂದು ಕ್ವಾರಿಯಲ್ಲಿ ಒಡೆಯುತ್ತಾರೆ. ಅಲ್ಲಿಗೆ ದಾರಿ ದೂರ. ಮಧ್ಯಾಹ್ನದ ಊಟವನ್ನು ನಡೆಯುತ್ತಲೇ ಮುಗಿಸುತ್ತಾರೆ. ವಿಚಾರಣೆ ಇನ್ನೂ ನಡೆಯುತ್ತಿದೆಯಂತೆ.

ಅದನ್ನೆಲ್ಲ ಆಯಮ್ಮ ನಗುನಗುತ್ತಲೇ ಹೇಳುತ್ತಾರೆ. ಟ್ಯಾಂಕರಿನವನ ಮಗಳ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ವಿಚಾರಣೆಯಾದ ಮರುವಾರ ಬಾಗಿಲು ಬಡಿದರೆ ಅವಳಿರಲಿಲ್ಲ. ಪಟ್ಟಣದ ಯಾರದೋ ಮನೆಯಲ್ಲಿ ಮಗು ನೋಡಿಕೊಳ್ಳಲು ಕಳಿಸಿಯಾಗಿತ್ತು. ಅಪ್ಪ ಹೊಸ್ತಿಲಲ್ಲಿ ಕೂತಿದ್ದ.

"ಆಯಮ್ಮ, ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ," ಎಂದನಂತೆ. "ಟ್ಯಾಂಕರು ಅವ್ರದ್ದು, ಡೀಸೆಲ್ಲು ಅವ್ರದ್ದು, ನಾನು ಮಲಗೋ ಈ ತಗಡಿನ ಸೂರೂ ಅವ್ರದ್ದು. ನಮ್ದು ಅಂತ ಇದ್ದಿದ್ದು ಅವಳ ಕೈಬರಹ ಒಂದೇ. ಅದರ ಗುರುತು ಅವ್ರಿಗೆ ಸಿಕ್ಬಿಡ್ತು."

ಅಂದು ಆಯಮ್ಮ ಹಗ್ಗ ಹೆಗಲಿಗೇರಿಸಿಕೊಂಡು ಮುಂದಿನ ಬಾಗಿಲಿಗೆ ನಡೆದರು. ಹನ್ನೆರಡಿದ್ದದ್ದು ಹನ್ನೊಂದಾದದ್ದು ಹೀಗೆ. "ಕೆಲಸ ಹೋಯ್ತು, ಹೋಗ್ಲಿ. ನನ್ನ ಕಾಗದ ಬರೆದ ತಪ್ಪಿಗೆ ಆ ಮಗು ಪಾತ್ರೆ ತಿಕ್ಕೋ ಹಂಗಾಯ್ತಲ್ಲ. ಬರಿ ಅಂತ ನಾನೇ ಕೂರಿಸಿದ್ದು. ಅದನ್ನ ಎಲ್ಲಿ ತೊಳ್ಕೊಳ್ಲಿ?"

ಬೀಗ ಬಿದ್ದ ದಿನದ ಇಪ್ಪತ್ಮೂರರಲ್ಲಿ ಬಿಟ್ಟುಹೋದವರನ್ನು ಅವರು ಬೆರಳು ಮಡಚಿ ಹೇಳುತ್ತಾರೆ. ಐದು ಗಂಡುಮಕ್ಕಳು ಕ್ವಾರಿಗೆ. ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾದರೆಂದು ಮನೆಗೆ, ಪಾದಕ್ಕೆ ಕಲ್ಲು ಬಿದ್ದವಳೂ ಮನೆಗೆ. ಮೂವರು ಅಪ್ಪ ಅಮ್ಮನ ಹಿಂದೆ ಯಾವುದೋ ಊರಿಗೆ. ಒಬ್ಬಳು ಪಟ್ಟಣಕ್ಕೆ. ಕೂಡಿಸಿದರೆ ಹನ್ನೆರಡು. ಮಗ್ಗಿ ಬಲ್ಲವರು, ಲೆಕ್ಕ ತಪ್ಪುವುದಿಲ್ಲ.

ಸಂಜೆ ಐದೂವರೆ. ಕೊನೆಯ ಮಗುವನ್ನು ಅದರ ಅಜ್ಜಿಯ ಕೈಗೊಪ್ಪಿಸಿ ಆಯಮ್ಮ ಕಟ್ಟೆಯ ಮೇಲೆ ಕೂತು ಮೊಳಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಬಲಗಾಲು ಊದಿದೆ. ನಿಮಗೇನಾಗಬೇಕು ಎಂದು ಕೇಳಿದರೆ ಗಾಡಿಯ ಮಾತೆತ್ತುವುದಿಲ್ಲ, ಸಂಬಳದ ಮಾತನ್ನೂ ಎತ್ತುವುದಿಲ್ಲ.

"ಈಗಿರೋರಲ್ಲಿ ತೀರಾ ಚಿಕ್ಕೋಳು ಮೂರನೇ ಕ್ಲಾಸು. ಏಳು ಮುಗಿಯೋಕೆ ಇನ್ನು ಐದು ವರ್ಷ. ಅಲ್ಲಿವರ್ಗೂ ಈ ಕಾಲು ನಡೀಲಿ, ಸಾಕು."

ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ದೂರದಲ್ಲಿ ಟಿಪ್ಪರೊಂದು ಇಳಿಜಾರು ಇಳಿಯುವ ಸದ್ದು.

"ಹನ್ನೆರಡು ಮಕ್ಕಳನ್ನ ಕಳ್ಕೊಂಡೆ, ನಿಜ. ಮನೆ ಬಾಗಿಲಲ್ಲಿ ಕಳ್ಕೊಂಡೆ, ಕಚೇರಿ ಕಿಟಕೀಲಿ ಕಳ್ಕೊಂಡೆ. ಹಗ್ಗ ಕಟ್ಟಿದ್ಮೇಲೆ ದಾರೀಲಿ ಮಾತ್ರ ಒಂದನ್ನೂ ಕಳ್ಕೊಂಡಿಲ್ಲ."