ಗಟ್ಟಿ ಬುಡದ ಕೋಣ

ಪಂಚಾಕ್ಷರಿಯವರು ಬೆಳಗಿನಿಂದ ಒಂದೆಡೆ ಕುಳಿತಿರಲಿಲ್ಲ. ಗ್ಯಾರೇಜಿಗೆ ಹೋಗಿ ದೀಪ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಮೇಜಿನ ಮೇಲಿದ್ದ ಉಕ್ಕಿನ ಟೇಪನ್ನು ಒರೆಸಿದ್ದೇ ಒರೆಸಿದ್ದು.

"ಹೆಣ್ಣು ನೋಡಾಕ ಬರಾಕತ್ತಾರೇನ್ರಿ? ಒಂದ್ ಕಡೆ ಕುಂಡ್ರಬಾರ್ದಾ?" ಎಂದು ಹೆಂಡತಿ ಪ್ರಭಾವತಿ ಒಳಗಿನಿಂದಲೇ ಕೂಗಿದರು.

ಬರುತ್ತಿದ್ದವರು ಚಿದಂಬರ, ಬೋಲಿಂಗ್‌ಬ್ರೂಕಿನ ಡಾಕ್ಟರು, ಮುಧೋಳದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಗೆಳೆಯ. ಅವರ ಮಗ ಕರಣ್ ಆಫ್ರಿಕಾದಲ್ಲಿ ಕಾಡುಕೋಣ ಹೊಡೆದಿದ್ದ. ಅದರ ತಲೆಯನ್ನು ಟ್ರಕ್ಕಿನಲ್ಲಿ ಹೇರಿಕೊಂಡು ತಂದೆ ಮಗ ಪಂಚಾಕ್ಷರಿಯವರ ಊರಾದ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಹೊರಟಿದ್ದರು. ಪಂಚಾಕ್ಷರಿ ಅಳೆದು ಸಹಿ ಹಾಕಿದರೆ ಆ ತಲೆ ಬೇಟೆಗಾರರ ಕ್ಲಬ್ಬಿನ ಗೋಡೆ ಏರುತ್ತಿತ್ತು. ಹಿಂದಿನ ದಿನ ಚಿದಂಬರ ಕಳಿಸಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗಿನಿಂದ ಪಂಚಾಕ್ಷರಿಯವರ ಜೀವಕ್ಕೆ ನೆಮ್ಮದಿ ಇರಲಿಲ್ಲ.

ಇರುವೆಯನ್ನೂ ತುಳಿಯದ ಈ ಮನುಷ್ಯ ಬೇಟೆಗಾರರ ಕೊಂಬು ಅಳೆಯುವುದು ಹೇಗೆಂದು ಕನ್ನಡ ಕೂಟದಲ್ಲಿ ಹಲವರು ಕೇಳಿದ್ದುಂಟು. ಡೆಟ್ರಾಯಿಟ್ ಬಳಿಯ ಗಿಯರ್ ಕಾರ್ಖಾನೆಯಲ್ಲಿ ಅವರ ಕೆಲಸವೇ ಅಳತೆ. ಅಲ್ಲಿ ಜೊತೆಗಿದ್ದ ಡೇಲ್ ಎಂಬ ಮುದುಕ ಬೇಟೆಗಾರ, ನಿನ್ನ ಕೈಯಂಥ ಕೈ ನಮ್ಮ ಕ್ಲಬ್ಬಿನಲ್ಲಿಲ್ಲ ಎಂದು ಕರೆದುಕೊಂಡು ಹೋಗಿದ್ದ. ಸ್ನೇಹಕ್ಕೆ ಕಟ್ಟುಬಿದ್ದು ಹೋದವರು ಹಾಗೆಯೇ ಉಳಿದುಬಿಟ್ಟರು. ಪ್ರಭಾವತಿಯದು ಒಂದೇ ಕಟ್ಟಳೆ: ಕೊಂಬು ಗ್ಯಾರೇಜ್ ದಾಟಬಾರದು, ಅದನ್ನು ಮುಟ್ಟಿದ ಕೈ ತಲೆಗೆ ನೀರು ಬೀಳದೆ ಲಿಂಗವನ್ನು ಮುಟ್ಟಬಾರದು.

ಹೊರಗೆ ಟ್ರಕ್ಕಿನ ಹಾರ್ನ್ ಕೇಳಿತು.

"ಲೇ ಪಂಚ್ಯಾ, ನಿನ್ನ ಟೇಪ್ ಸಾಲೂದಿಲ್ಲ, ಬ್ಯಾರೆ ತರಿಸ್ಕೋ!" ಚಿದಂಬರ ನಗುತ್ತಲೇ ಇಳಿದರು. ಮಗ ಬೇಟೆ ಕಲಿಯುತ್ತೇನೆಂದಾಗ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವರು ಇವರೇ. ಗೋಡೆಯ ಮೇಲೆ ಹೆಸರು ಬರುತ್ತದೆಂದು ತಿಳಿದ ಮೇಲೆ ಎಲ್ಲರಿಗೂ ಫೋಟೋ ಕಳಿಸಿದವರೂ ಇವರೇ.

"ಹಾಯ್ ಅಂಕಲ್. ಕೇರ್‌ಫುಲ್, ಇಟ್ಸ್ ಹೆವಿ," ಎನ್ನುತ್ತ ಕರಣ್ ತಲೆಯನ್ನು ಮೇಜಿನ ಮೇಲಿಟ್ಟ.

ಒಳ್ಳೆ ತಲೆ. ಎಣ್ಣೆ ಹಚ್ಚಿದಂಥ ಕಪ್ಪು, ಸೂಜಿಯಂಥ ಕೊಂಬಿನ ತುದಿ. ಪಂಚಾಕ್ಷರಿ ಟೇಪ್ ಹಿಡಿದರು. ನಲವತ್ತಮೂರು ಇಂಚು ಅಗಲ.

"ಹೆಂಗೈತಿ ನಮ್ಮ ಹುಲಿ!" ಎಂದು ಚಿದಂಬರ ಮಗನ ಬೆನ್ನು ತಟ್ಟಿದರು.

ಪಂಚಾಕ್ಷರಿಯವರ ಬೆರಳು ಮಾತ್ರ ಕೋಣದ ನೆತ್ತಿಯ ಮೇಲೆ ನಿಂತಿತ್ತು. ಎರಡು ಕೊಂಬುಗಳ ಬುಡದ ನಡುವೆ ಎರಡು ಬೆರಳಗಲ ಜಾಗವಿತ್ತು, ಅಲ್ಲಿ ಕೂದಲಿತ್ತು.

"ಅಳತಿ ಸರಿ ಐತಿ ಚಿದ್ಯಾ. ಆದ್ರ ನಾ ಸಹಿ ಹಾಕಂಗಿಲ್ಲ."

"ಯಾಕ? ಹಲ್ಲುಜ್ಜಿಲ್ಲ ಅಂತನಾ?"

"ಇದು ಇನ್ನೂ ಹುಡುಗ. ನೆತ್ತಿ ಮ್ಯಾಲ ಬುಡ ಎರಡೂ ಕೂಡಿ ಕಲ್ಲಿನಂಗ ಆಗಬೇಕು. ತುದಿ ತೇದಿರಬೇಕು. ಹಿಂಡು ಬಿಟ್ಟು ಹೊರಗ ಬಿದ್ದಿರಬೇಕು. ಅಂಥಾದು ಸತ್ರ ಹಿಂಡಿಗೆ ಏನೂ ಕಡಿಮಿ ಆಗೂದಿಲ್ಲ. ಸಿಂಹದ ಬಾಯಾಗಿಂದ ವರ್ಷಾನುಗಟ್ಟಲೆ ತಪ್ಪಿಸ್ಕೊಂಡಿದ್ದು ಅದು, ಸುಳ್ಳೇ ಸಿಗೂದಿಲ್ಲ. ಅದ್ರ ಹಿಂದ ನಡದ ಮನಷ್ಯಾಗ ಅಷ್ಟ ಕ್ಲಬ್ಬಿನ್ಯಾಗ ಮರ್ಯಾದಿ. ಅಗಲ ಆಮ್ಯಾಲ."

ಕರಣ್ ಫೋನ್ ತೆಗೆದ. "ದ ಗೈಡ್ ಶೋಡ್ ಮಿ ದಿಸ್ ಒನ್ ಫಸ್ಟ್," ಎಂದು ಮುಂದೆ ಹಿಡಿದ.

ಒಂಟಿ ಕೋಣ. ಒಂದು ಕಿವಿ ಹರಿದಿತ್ತು. ಮುಖದ ಕೂದಲು ಉದುರಿ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಕೊಂಬು ಗಿಡ್ಡವಾಗಿ, ಮೊಂಡಾಗಿ, ನೆತ್ತಿಯ ಮೇಲೆ ಬಂಡೆಯಂತೆ ಕೂಡಿಕೊಂಡಿತ್ತು. ಡೇಲ್ ಇದ್ದಿದ್ದರೆ ಟೊಪ್ಪಿಗೆ ತೆಗೆಯುತ್ತಿದ್ದ.

"ಮತ್ತ ಇದನ್ಯಾಕ ಬಿಟ್ಟೆಪ್ಪಾ?"

ಕರಣ್ ತಂದೆಯ ಕಡೆ ನೋಡಿದ. "ಐ ಸೆಂಟ್ ಬೋತ್ ಪಿಕ್ಚರ್ಸ್ ಟು ಡ್ಯಾಡ್."

"ನಾನ ಹೇಳಿದ್ದು!" ಚಿದಂಬರ ಸಿಡಿದರು. "ನಮ್ಮಪ್ಪ ಮುಧೋಳ ಸಂತ್ಯಾಗ ಎಮ್ಮಿ ಆರಿಸೋದ್ ನೋಡಿ ಬೆಳದಾಂವ ನಾ. ಮೈ ಹೊಳೀಬೇಕು, ಕೊಂಬು ಚೂಪ ಇರಬೇಕು. ಆ ಹರಕ ಕಿವಿ ಮುದುಕನ್ನ ಯಾರ್ ಮನಿಗೆ ತರ್ತಾರ?"

"ಕೊಟ್ಟಿಗ್ಯಾಗ ಕಟ್ಟಾಕ ಆರಿಸ್ದಂಗ ಆರಿಸೀದಿ ನೀ. ಕಟ್ಟಾಕ ಎಳೀದು ಬೇಕು ಖರೆ. ಕೊಲ್ಲಾಕ..." ಪಂಚಾಕ್ಷರಿ ಅಲ್ಲಿಗೇ ತಡೆದರು. ಆ ಶಬ್ದ ಅವರ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

"ಕೆಲಸ ಹೋಗಿ ನನ್ನ ಮನಿ ಬೇಸ್‌ಮೆಂಟಿನ್ಯಾಗ ಸಂಸಾರ ಹೂಡಿದ್ದಿ ನೋಡು, ಆಗ ಇಷ್ಟ ನ್ಯಾಯ ಮಾತಾಡ್ತಿದ್ದಿಲ್ಲ," ಎಂದು ಚಿದಂಬರ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕುಳಿತು ಬಾಗಿಲು ಜಪ್ಪಿದರು.

ಪಂಚಾಕ್ಷರಿ ಟೇಪನ್ನು ಮೇಜಿನ ಮೇಲಿಟ್ಟರು. ಒಂದು ಸಹಿ. ಕೆಲಸ ಕಳೆದುಕೊಂಡಾಗ ಅನ್ನ ಹಾಕಿದ ಮನೆ ಅದೊಂದೇ.

"ಅಂಕಲ್," ಕರಣ್ ಮೆಲ್ಲಗೆ ಕೇಳಿದ, "ಹೀ ವುಡ್ ಹ್ಯಾವ್ ಹ್ಯಾಡ್ ಕಾವ್ಸ್?"

"ಹೂಂನಪ್ಪಾ, ಕರಾ ಹುಟ್ಟಿಸೋ ವಯಸ್ಸು ಇವಂದು. ಆ ಹಿಂಡಿಗೆ ಬೇಕಾಗಿದ್ದಂವ ಇವನ."

ಕರಣ್ ಆ ಕೂದಲ ಜಾಗದ ಮೇಲೆ ಬೆರಳಾಡಿಸಿದ. "ಓಕೆ. ಡೋಂಟ್ ಸೈನ್." ತಲೆಯನ್ನು ಹೊತ್ತು ಟ್ರಕ್ಕಿನ ಹಿಂಭಾಗದಲ್ಲಿಟ್ಟು ಕಂಬಳಿ ಹೊದಿಸಿದ.

ಪಂಚಾಕ್ಷರಿ ಟ್ರಕ್ಕಿನ ಕಿಟಕಿಯ ಬಳಿ ಹೋಗಿ ನಿಂತರು. ಚಿದಂಬರ ಗಾಜು ಇಳಿಸಲಿಲ್ಲ. ಇವರೂ ಕದಲಲಿಲ್ಲ. ಕೊನೆಗೆ ಗಾಜು ಅರ್ಧ ಇಳಿಯಿತು.

"ಆ ಮುದುಕನ್ನ ಹೊಡದಿದ್ರ ಸಹಿ ಹಾಕ್ತಿದ್ದಿ?"

"ಹಾಕ್ತಿದ್ದೆ."

"ಅಷ್ಟ ಗಿಡ್ಡ ಕೊಂಬಿಗೆ?"

"ಅಷ್ಟ ಗಿಡ್ಡ ಕೊಂಬಿಗೆ."

"ಎಲ್ಲಾರಿಗೂ ಫೋಟೋ ಕಳಿಸೀನಲ್ಲೋ," ಎಂದರು ಚಿದಂಬರ. ಕಣ್ಣು ಎದುರಿನ ರಸ್ತೆಯ ಮೇಲಿತ್ತು. "ನಮ್ಮ ಹುಡುಗ ಸರಿ ಇದ್ದ. ನಾನ ಕೆಡಿಸಿದೆ."

ಪಂಚಾಕ್ಷರಿ ಗಾಜಿನ ಅಂಚಿಗೆ ಕೈಯಿಟ್ಟರು. "ಒಳಗ ಬಾ, ಪ್ರಭಾ ರೊಟ್ಟಿ ಬಡದಾಳ," ಎಂದರು.

"ಇವತ್ತ ನಿನ್ನ ಎದುರು ಕುಂತು ಉಣ್ಣಾಕ ಆಗಂಗಿಲ್ಲ." ಗಾಜು ಏರತೊಡಗಿತು, ಅರ್ಧಕ್ಕೆ ನಿಂತಿತು. "ಕಟ್ಟಿ ಕೊಡಂತ ಹೇಳು. ಹಸಿ ಖಾರ ಇದ್ರ ಅದನ್ನೂ."