ರಕ್ಕಸಿಯೂ ಗೆಲ್ಲುವ ಆಟ

ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಅಜ್ಜಿ ಹೇಳಿದ ಪುರಾಣದ ಕಥೆಗಳ ದೇವರು, ರಕ್ಕಸರು, ಹಾರುವ ಕುದುರೆಗಳನ್ನೆಲ್ಲ ತಾನೇ ಬಿಡಿಸಿ, ಮಕ್ಕಳು ಪರಸ್ಪರ ಬದಲಾಯಿಸಿಕೊಂಡು ಆಡುವ ಕಾರ್ಡ್ ಆಟವೊಂದನ್ನು ಅವಳು ಕಟ್ಟಿದ್ದಳು. ಅದನ್ನು ಕೊಳ್ಳಲು ಆಟಿಕೆ ಕಂಪನಿಯ ಮ್ಯಾನೇಜರ್ ಮನೆಗೇ ಬಂದ.

"ಚಿತ್ರ ಚೆನ್ನಾಗಿವೆ ಮೇಡಂ. ಆದ್ರೆ ಈ ರಕ್ಕಸಿ ದೇವರನ್ನೇ ಸೋಲಿಸ್ತಾಳಲ್ಲ? ರಕ್ಕಸರು ಯಾವಾಗ್ಲೂ ಸೋಲೋ ಹಾಗೆ ಮಾಡಿ, ನಾಳೆನೇ ಒಪ್ಪಂದ."

"ಸೋಲೋದು ಮೊದಲೇ ಗೊತ್ತಿದ್ರೆ ಆ ಕಾರ್ಡನ್ನ ಯಾವ ಮಗು ಕೈಲಿ ಹಿಡಿಯುತ್ತೆ? ನಮ್ಮಜ್ಜಿ ಕಥೇಲಿ ದೇವರು ಎಷ್ಟು ಸಲ ಸೋತು ಓಡಿದ್ದಾರೆ ಗೊತ್ತಾ? ನಾನು ಬದಲಾಯಿಸಲ್ಲ."

ಅವನು ಮುಖ ಗಂಟು ಹಾಕಿಕೊಂಡು ಹೊರಟ. ಪಕ್ಕದಲ್ಲೇ ಇದ್ದ ಅವಳ ತಮ್ಮ ತಲೆ ಚಚ್ಚಿಕೊಂಡ. "ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಒದ್ದುಬಿಟ್ಟೆಯಲ್ಲಕ್ಕಾ!"

"ಬಂದಿದ್ದು ಲಕ್ಷ್ಮಿ ಅಲ್ಲ ಕಣೋ, ಸೂಟು ಬೂಟು. ನಡಿ, ಆಟದ ಪೆಟ್ಟಿಗೆಗೆ ಅಂಟು ಕಲಸು."

ಮುದ್ರಣಾಲಯದ ಯಜಮಾನರ ಒಪ್ಪಿಗೆ ಪಡೆದು, ಅಲ್ಲಿ ಉಳಿದಿದ್ದ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದಳು. ತಾನೇ ಕತ್ತರಿಸಿ, ಬೆರಳಿಗೆ ಚುಚ್ಚದಂತೆ ಮೂಲೆಗಳನ್ನು ದುಂಡಗೆ ಮಾಡಿದಳು. ಪುಸ್ತಕದಂಗಡಿಯವರು "ಇದನ್ನ ಯಾರು ಕೊಳ್ತಾರೆ?" ಎಂದಾಗ, ಅಂಗಡಿಯ ಮೆಟ್ಟಿಲ ಮೇಲೆಯೇ ಕೂತು ಬಂದ ಮಕ್ಕಳ ಜೊತೆ ಆಡಿದಳು. ಆಡಿದವರು ಕಾರ್ಡಿನ ಕಟ್ಟು ಕೊಳ್ಳದೆ ಏಳಲಿಲ್ಲ. ರಕ್ಕಸಿಗಾಗಿ ಮಕ್ಕಳು ಎರಡೆರಡು ದೇವರನ್ನು ಬಿಟ್ಟುಕೊಡತೊಡಗಿದರು.

ವರ್ಷ ಕಳೆದ ಮೇಲೆ ಅದೇ ಮ್ಯಾನೇಜರ್ ಫೋನ್ ಮಾಡಿದ. ರಕ್ಕಸಿ ಗೆದ್ದರೂ ಪರವಾಗಿಲ್ಲ, ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಮಾತ್ರ ಇರಲಿ ಎಂದ.

"ಚಿತ್ರ ಬರೆದವಳ ಹೆಸರು ಬೇಡ್ವಾ? ಹಾಗಾದ್ರೆ ಆಟಾನೂ ಬೇಡ," ಎಂದು ಫೋನಿಟ್ಟು, ಅವಳು ಹೊಸ ಹಾಳೆಗಳನ್ನು ಯಂತ್ರಕ್ಕೆ ಕೊಟ್ಟಳು.